ಆದ್ಯತೆ ಕೊಟ್ಟ ಮೇಲೂ ಕರೆ ತುಂಡಾಗುತ್ತಿದೆಯೇ? ಕ್ಯೂಒಎಸ್ ದೋಷ ಹುಡುಕುವ ಬಗೆ

ನೆಟ್‌ವರ್ಕ್ ಮೇಲೆ ಹೋಗುವ ಫೋನ್ ಕರೆ (ವಾಯ್ಸ್), ವಿಡಿಯೊ, ಫೈಲ್‌ಗಳಲ್ಲಿ ಯಾವುದು ಮೊದಲು ಎಂದು ಗೊತ್ತುಮಾಡುವುದೇ ಕ್ಯೂಒಎಸ್. ಅದರ ಬಗ್ಗೆ ದೂರು ಹೆಚ್ಚುಕಡಿಮೆ ಒಂದೇ ಮಾತಿನಲ್ಲಿ ಬರುತ್ತದೆ. ‘ವಾಯ್ಸ್‌ಗೆ ಎಲ್ಲಕ್ಕಿಂತ ಮೇಲಿನ ಆದ್ಯತೆ ಕೊಟ್ಟಿದ್ದೀವಿ. ಆದ್ರೂ ಮಧ್ಯಾಹ್ನ ಆಯ್ತು ಅಂದ್ರೆ ಮಾತು ತುಂಡು ತುಂಡಾಗುತ್ತೆ.’ ಇದರ ತಿರುಗುಮುರುಗು ದೂರೂ ಉಂಟು: ಕರೆಗಳು ಚೆನ್ನಾಗಿವೆ, ಉಳಿದದ್ದೆಲ್ಲ ನಿಂತೇ ಹೋಗಿದೆ. ಎರಡಕ್ಕೂ ನಮ್ಮ ಕೈ ಮೊದಲು ಹೋಗುವುದು ಕಾನ್ಫಿಗರೇಶನ್‌ನಲ್ಲಿ ವಾಯ್ಸ್‌ಗೆ ಇಟ್ಟ ಪಾಲಿನ ಶೇಕಡಾ ಅಂಕಿಯ ಮೇಲೆ. 30 ಇದ್ದದ್ದು 40 ಆಗುತ್ತದೆ, ಮರುದಿನ 50. ಆ ಅಂಕಿ ಮುಟ್ಟುವುದು ಕೊನೆಯ ಕೆಲಸ ಎಂದು ನಾನು ಕಲಿತದ್ದು ಎರಡು ದಿನ ಹಾಳು ಮಾಡಿಕೊಂಡ ಮೇಲೆ.

ಆದ್ಯತೆ ಕೊಟ್ಟರೆ ಲಿಂಕ್‌ನಲ್ಲಿ ಹೊಸ ಜಾಗ ಹುಟ್ಟುವುದಿಲ್ಲ. ಒಬ್ಬರ ಕಾಯುವಿಕೆ ಇನ್ನೊಬ್ಬರ ತಲೆಗೆ ಹೋಗುತ್ತದೆ, ಅಷ್ಟೆ. ಕೆಲವು ಸಾಮಾನ್ಯ ಷರತ್ತುಗಳಡಿ ಇದು ಗಣಿತವಾಗಿಯೇ ನಿಜ ಎಂದು ಕಂಪ್ಯೂಟರ್ ವಿಜ್ಞಾನಿ ಲಿಯೊನಾರ್ಡ್ ಕ್ಲೈನ್‌ರಾಕ್ 1965ರಲ್ಲಿ ತೋರಿಸಿದರು. ಕಳಿಸಲು ಪ್ಯಾಕೆಟ್ (ಮಾಹಿತಿಯ ಪುಟ್ಟ ತುಣುಕು) ಇರುವಾಗ ಲಿಂಕ್ ಸುಮ್ನೆ ಕೂರುವುದಿಲ್ಲ ಅಂದುಕೊಳ್ಳಿ. ಆಗ ಒಂದೊಂದು ಕ್ಲಾಸಿನ (ಒಂದೇ ಆದ್ಯತೆಯ ಟ್ರಾಫಿಕ್ ಗುಂಪಿನ) ಸರಾಸರಿ ಕಾಯುವಿಕೆಯನ್ನು ಅದರ ಲೋಡ್‌ನಿಂದ (ಲಿಂಕ್‌ನಲ್ಲಿ ಅದು ತುಂಬುವ ಪಾಲಿನಿಂದ) ಗುಣಿಸಿ ಎಲ್ಲ ಕೂಡಿದರೆ, ಕ್ಯೂ ಹೇಗೆ ಜೋಡಿಸಿದರೂ ಮೊತ್ತ ಅದೇ. ಹಾಗಾಗಿ ದೋಷ ಹುಡುಕುವಾಗ ಕೇಳಬೇಕಾದದ್ದು ಮೂರು: ಕ್ಯೂ ಎಲ್ಲಿ ಕಟ್ಟುತ್ತಿದೆ, ಅದರಲ್ಲಿ ಮುಂದೆ ನಿಂತವರು ಯಾರು, ಎಷ್ಟು ಜನ.

ಕ್ಯೂ ನಿಜವಾಗಿ ಎಲ್ಲಿದೆ?

ನನ್ನ ಎರಡು ದಿನ ಹೋದದ್ದು ಇಲ್ಲೇ. ಎರಡು ಕಟ್ಟಡಗಳ ನಡುವೆ ಒಂದು ಲಿಂಕ್. ಕೊಂಡದ್ದು 20 ಎಂಬಿಪಿಎಸ್. ಆದರೆ ಅದು ಬಂದು ಸೇರುವ ರೂಟರ್ ಪೋರ್ಟ್ 100 ಎಂಬಿಪಿಎಸ್‌ನದು. ಕ್ಲಾಸ್‌ಗಳು ಸರಿಯಾಗಿದ್ದವು, ವಾಯ್ಸ್ ಪ್ಯಾಕೆಟ್‌ಗಳು ವಾಯ್ಸ್ ಕ್ಲಾಸಿಗೇ ಬೀಳುತ್ತಿದ್ದವು, ಕೌಂಟರ್ ಏರುತ್ತಿತ್ತು. ಎಲ್ಲ ಕ್ಲಾಸಿನಲ್ಲೂ ಡ್ರಾಪ್, ಅಂದರೆ ಎಸೆದ ಪ್ಯಾಕೆಟ್, ಸೊನ್ನೆ. ಮಾತು ಮಾತ್ರ ತುಂಡಾಗುತ್ತಲೇ ಇತ್ತು. ನಾನು ವಾಯ್ಸ್‌ನ ಪಾಲು ಏರಿಸಿದೆ, ಇಳಿಸಿದೆ, ವಿಡಿಯೊ ಕ್ಲಾಸ್ ತೆಗೆದು ನೋಡಿದೆ. ಒಂದಿಷ್ಟೂ ಬದಲಾಗಲಿಲ್ಲ.

ಸೊನ್ನೆ ಡ್ರಾಪ್ ನೋಡಿ ನಾನು ಸಮಾಧಾನಪಟ್ಟಿದ್ದೆ. ಅಲ್ಲೇ ಎಚ್ಚರಾಗಬೇಕಿತ್ತು. ಕ್ಯೂ ಕಟ್ಟದಿದ್ದರೆ ಆದ್ಯತೆಗೆ ಕೆಲಸವೇ ಇಲ್ಲ. ರೂಟರ್ ಕಣ್ಣಿಗೆ ಅದು 100ರ ಪೋರ್ಟ್. 30 ಎಂಬಿಪಿಎಸ್ ಬಂದರೂ ತಕ್ಷಣ ಹೊರಗೆ ಹಾಕುತ್ತದೆ, ಯಾರನ್ನೂ ಕಾಯಿಸುವ ಪ್ರಶ್ನೆಯೇ ಬರುವುದಿಲ್ಲ. ಆಚೆ ತುದಿಯಲ್ಲಿ ಸೇವೆ ಕೊಡುವವರ ಪೊಲೀಸರ್ (ವೇಗದ ಮಿತಿ ಕಾಯುವ ವ್ಯವಸ್ಥೆ) 20ಕ್ಕಿಂತ ಮೇಲಿನದನ್ನು ಕತ್ತರಿಸುತ್ತದೆ. ಅದಕ್ಕೆ ನಮ್ಮ ಕ್ಲಾಸ್ ಗೊತ್ತಿಲ್ಲ, ಕೈಗೆ ಸಿಕ್ಕ ಪ್ಯಾಕೆಟ್ ಎಸೆಯುತ್ತದೆ. ಫೈಲ್ ಕಾಪಿಯ ಪ್ಯಾಕೆಟ್ ಬಿದ್ದರೆ ಅದನ್ನು ಸಾಗಿಸುವ ಟಿಸಿಪಿ ಪ್ರೋಟೋಕಾಲ್ ಮತ್ತೆ ಕಳಿಸುತ್ತದೆ. ಮಾತಿನ ಪ್ಯಾಕೆಟ್ ಬಿದ್ದರೆ ಬಿತ್ತು.

ಮದ್ದು ಸರಳ. ಹೊರಗೆ ಹೋಗುವ ಪೋರ್ಟ್ ಮೇಲೆ 19 ಎಂಬಿಪಿಎಸ್‌ನ ಒಂದು ಶೇಪರ್, ಆ ಶೇಪರ್ ಒಳಗೆ ಕ್ಲಾಸ್‌ಗಳು. ಶೇಪರ್‌ಗೂ ಪೊಲೀಸರ್‌ಗೂ ಇರುವ ಫರಕು ಇಷ್ಟೇ: ಶೇಪರ್ ಮೊದಲು ಕಾಯಿಸುತ್ತದೆ, ಪೊಲೀಸರ್ ಕಾಯಿಸದೆ ಎಸೆಯುತ್ತದೆ. 5% ಬಿಟ್ಟುಕೊಟ್ಟದ್ದಕ್ಕೆ ಕ್ಯೂ ನಮ್ಮ ಪೆಟ್ಟಿಗೆಯೊಳಗೆ ಬಂತು. ನಮ್ಮ ಪೆಟ್ಟಿಗೆಗೆ ಬಂದ ಕ್ಯೂ ಮಾತ್ರ ನಮ್ಮ ಮಾತು ಕೇಳುತ್ತದೆ. ಬದಲಾವಣೆ ಮಾಡಿದ ಐದೇ ನಿಮಿಷಕ್ಕೆ ಕೆಳಗಿನ ಕ್ಲಾಸಿನಲ್ಲಿ ಡ್ರಾಪ್ ಏರತೊಡಗಿತು. ಅದನ್ನು ನೋಡಿ ನನಗಾದ ಖುಷಿ ಹೊರಗಿನವರಿಗೆ ಅರ್ಥವಾಗಲಿಕ್ಕಿಲ್ಲ.

ನಿಮ್ಮಲ್ಲಿ ಕ್ಯೂ ಎಲ್ಲಿದೆ ಎಂದು ತಿಳಿಯಲು ದುಬಾರಿ ಉಪಕರಣ ಬೇಕಿಲ್ಲ. ಲಿಂಕ್ ಖಾಲಿ ಇರುವಾಗ ಆಚೆ ತುದಿಗೆ ಪಿಂಗ್ (ಹೋಗಿ ಬರುವ ಸಮಯ ಅಳೆಯುವ ಟೂಲ್) ಹಾಕಿ, ಅಂಕಿ ಬರೆದುಕೊಳ್ಳಿ. ಆಮೇಲೆ ಒಂದು ದೊಡ್ಡ ಅಪ್‌ಲೋಡ್ ಶುರು ಮಾಡಿ ಮತ್ತೆ ನೋಡಿ. 12 ಮಿಲಿಸೆಕೆಂಡ್ ಇದ್ದದ್ದು 400 ಆದರೆ, ಮಧ್ಯೆ ಎಲ್ಲೋ ದೊಡ್ಡ ಬಫರ್ (ಪ್ಯಾಕೆಟ್‌ಗಳು ಕಾಯುವ ಜಾಗ) ತುಂಬಿ ಕುಳಿತಿದೆ. ಹಳೆಯ ಮೋಡೆಮ್‌ಗಳಲ್ಲಿ ಇದು ಜಾಸ್ತಿ. 256 ಕಿಲೋಬೈಟ್ ಬಫರ್ 2 ಎಂಬಿಪಿಎಸ್ ಅಪ್‌ಲೋಡ್ ಮೇಲೆ ಖಾಲಿಯಾಗಲು ಒಂದು ಸೆಕೆಂಡ್ ಬೇಕು. ಆ ಒಂದು ಸೆಕೆಂಡಿನ ಹಿಂದೆ ನಿಮ್ಮ ವಾಯ್ಸ್ ಪ್ಯಾಕೆಟ್ ನಿಂತಿರುತ್ತದೆ. ಒಂದು ಬದಿಯ ವಿಳಂಬ 150 ಮಿಲಿಸೆಕೆಂಡ್ ಒಳಗಿದ್ದರೆ ಮಾತುಕತೆಗೆ ತೊಂದರೆಯಿಲ್ಲ ಎನ್ನುವುದು ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ ಐಟಿಯು ಹೇಳುವ ಲೆಕ್ಕ. ಪಿಂಗ್ ಏರದೆ ಪ್ಯಾಕೆಟ್ ಮಾತ್ರ ಬೀಳುತ್ತಿದ್ದರೆ ಪೊಲೀಸರ್ ಮೇಲೆ ಅನುಮಾನ ಪಡಿ.

ಒಳಬರುವ ದಿಕ್ಕು ಬೇರೆ ಕತೆ. ಡೌನ್‌ಲೋಡ್‌ನ ಕ್ಯೂ ಕಟ್ಟುವುದು ಆಚೆಯವರ ಪೆಟ್ಟಿಗೆಯಲ್ಲಿ. ಬಂದಾದ ಮೇಲೆ ಜೋಡಿಸಿ ಏನೂ ಪ್ರಯೋಜನವಿಲ್ಲ, ಅಲ್ವಾ? ಆಚೆಯವರೇ ಕ್ಲಾಸ್ ಹಾಕಿಕೊಟ್ಟರೆ ಒಳ್ಳೆಯದು. ಇಲ್ಲದಿದ್ದರೆ ಒಳಬರುವುದನ್ನೂ ಲಿಂಕ್ ವೇಗಕ್ಕಿಂತ ಸ್ವಲ್ಪ ಕೆಳಗೆ ಶೇಪ್ ಮಾಡಿ, ಟಿಸಿಪಿ ತಾನಾಗಿ ನಿಧಾನವಾಗುವಂತೆ ಮಾಡಬಹುದು. ಬಿದ್ದದ್ದನ್ನು ತಾನಾಗಿ ಮತ್ತೆ ಕಳಿಸದ ಯುಡಿಪಿ ಮೇಲೆ ಈ ಉಪಾಯ ಅಷ್ಟು ನಡೆಯುವುದಿಲ್ಲ.

ಇಲ್ಲೇ ಗ್ರಾಫ್ ಬಗ್ಗೆ ಒಂದು ಮಾತು. ‘ಲಿಂಕ್ 40% ಮಾತ್ರ ತುಂಬಿದೆ’ ಎಂದು ಯಾರಾದರೂ ಗ್ರಾಫ್ ತೋರಿಸಿದರೆ, ಎಷ್ಟು ನಿಮಿಷದ ಸರಾಸರಿ ಎಂದು ಕೇಳಿ. ಐದು ನಿಮಿಷದ್ದಾದರೆ, ಎರಡು ನಿಮಿಷ ಪೂರ್ತಿ ತುಂಬಿ ಮೂರು ನಿಮಿಷ ಖಾಲಿ ಇದ್ದರೂ ಅದೇ 40 ಬರುತ್ತದೆ. ಕರೆ ಕೆಡಲು ಅರ್ಧ ಸೆಕೆಂಡ್ ಸಾಕು. ಸರಾಸರಿ ನಂಬಿ ಕುಳಿತರೆ ದೋಷ ಸಿಗುವುದಿಲ್ಲ. ಕ್ಯೂನ ಆಳ ಮತ್ತು ಡ್ರಾಪ್ ಕೌಂಟರ್‌ಗಳನ್ನು ಹತ್ತು ಸೆಕೆಂಡಿಗೊಮ್ಮೆ ಓದಿ.

ಗುರುತು ದಾರಿಯಲ್ಲಿ ಅಳಿಸಿ ಹೋಗಿದೆಯೇ?

ಪ್ಯಾಕೆಟ್ ಯಾವ ಕ್ಲಾಸಿಗೆ ಹೋಗಬೇಕು ಎಂದು ಹೇಳುವ ಗುರುತೇ ಡಿಎಸ್‌ಸಿಪಿ. ಪ್ಯಾಕೆಟ್‌ನ ಮುಂದಿರುವ ಐಪಿ ಹೆಡರ್‌ನ ಒಂದು ಬೈಟ್‌ನಲ್ಲಿ ಆರು ಬಿಟ್ ಅದಕ್ಕೆ, ಉಳಿದೆರಡು ದಟ್ಟಣೆಯ ಸೂಚನೆಗೆ. ವಾಯ್ಸ್‌ನ ವಾಡಿಕೆಯ ಗುರುತು 46, ಇಎಫ್ ಎಂದು ಕರೆಯುವುದು ಇದನ್ನೇ. ಕೆಲವು ಟೂಲ್‌ಗಳು ಆರು ಬಿಟ್ ತೋರಿಸದೆ ಇಡೀ ಬೈಟ್ ತೋರಿಸುತ್ತವೆ, ಆಗ ಅದು 184. ಪಿಂಗ್, ವೇಗ ಅಳೆಯುವ ಐಪರ್ಫ್‌ನಂಥ ಟೂಲ್‌ಗಳಿಗೆ ಕೊಡಬೇಕಾದದ್ದೂ ಸಾಮಾನ್ಯವಾಗಿ 184ನ್ನೇ. ಅಲ್ಲಿ 46 ಎಂದು ಕೊಟ್ಟು, ಕ್ಲಾಸ್‌ಗೆ ಬೀಳುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುವುದು ನಮ್ಮಲ್ಲಿ ಎಲ್ಲರೂ ಒಮ್ಮೆ ಮಾಡುವ ತಪ್ಪು.

ಫೋನಿನ ಪಕ್ಕದ ಸ್ವಿಚ್‌ನಲ್ಲಿ ಒಂದು ಕ್ಯಾಪ್ಚರ್ (ಹಾದುಹೋಗುವ ಪ್ಯಾಕೆಟ್‌ಗಳ ದಾಖಲೆ), ಆಚೆ ತುದಿಯಲ್ಲಿ ಒಂದು ಕ್ಯಾಪ್ಚರ್, ಎರಡೂ ಒಂದೇ ಕರೆಯದ್ದು. ಇಲ್ಲಿ 46 ಹೊರಟು ಅಲ್ಲಿ 0 ಬಂದರೆ ಮಧ್ಯೆ ಯಾರೋ ಅಳಿಸಿದ್ದಾರೆ. ಮೊದಲ ಅನುಮಾನ ಸ್ವಿಚ್ ಮೇಲೆ. ಕೆಲವು ಸ್ವಿಚ್‌ಗಳಲ್ಲಿ ಕ್ಯೂಒಎಸ್ ಆನ್ ಮಾಡಿದ ಕೂಡಲೇ ಪೋರ್ಟ್‌ಗಳೆಲ್ಲ ‘ನಂಬಬೇಡ’ ಸ್ಥಿತಿಗೆ ಹೋಗಿ ಬಂದ ಗುರುತನ್ನೆಲ್ಲ ಸೊನ್ನೆ ಮಾಡುತ್ತವೆ. ಒಳ್ಳೆಯದಾಗಲಿ ಎಂದು ಆನ್ ಮಾಡಿದ್ದೇ ತಪ್ಪಾಗುತ್ತದೆ. ಎರಡನೇ ಅನುಮಾನ ಮಧ್ಯದ ನೆಟ್‌ವರ್ಕ್ ಮೇಲೆ. ಇಂಟರ್‌ನೆಟ್ ಮೇಲೆ ಹೋಗುವ ಗುರುತಿಗೆ ಯಾವ ಖಾತರಿಯೂ ಇಲ್ಲ. ಎರಡೂ ದಿಕ್ಕು ನೋಡಬೇಕು ಎನ್ನುವುದನ್ನು ಮರೆಯಬೇಡಿ. ‘ನಂಗೆ ಅವ್ರ ಮಾತು ಕೇಳುತ್ತೆ, ಅವ್ರಿಗೆ ನನ್ದು ಕೇಳಲ್ಲ’ ಎಂಬ ದೂರಿನಲ್ಲೇ ಅರ್ಧ ಉತ್ತರ ಇರುತ್ತದೆ.

ವೈಫೈ ಮೇಲೆ ಮಾತ್ರ ಕೆಡುತ್ತಿದ್ದರೆ ಇನ್ನೊಂದು ಪುಟ್ಟ ಮೋಸ ಉಂಟು. ವೈಫೈಗೆ ನಾಲ್ಕೇ ದರ್ಜೆ: ವಾಯ್ಸ್, ವಿಡಿಯೊ, ಸಾಮಾನ್ಯ, ಹಿನ್ನೆಲೆ. ಹಲವು ಆಕ್ಸೆಸ್ ಪಾಯಿಂಟ್‌ಗಳು ಡಿಎಸ್‌ಸಿಪಿಯ ಮೊದಲ ಮೂರು ಬಿಟ್ ಮಾತ್ರ ನೋಡಿ ದರ್ಜೆ ಹಾಕುತ್ತವೆ. 46ರ ಮೊದಲ ಮೂರು ಬಿಟ್ ಓದಿದರೆ 5 ಬರುತ್ತದೆ. ವೈಫೈನಲ್ಲಿ 5 ಅಂದರೆ ವಿಡಿಯೊ. ವಾಯ್ಸ್‌ಗೆ 6 ಬೇಕು. ಅಂದರೆ ತಂತಿಯಲ್ಲಿ ರಾಜನಂತೆ ಬಂದ ಪ್ಯಾಕೆಟ್ ಗಾಳಿಯಲ್ಲಿ ವಿಡಿಯೊ ಜೊತೆ ಸಾಲಿಗೆ ನಿಲ್ಲುತ್ತದೆ. ಇಂಟರ್‌ನೆಟ್ ಮಾನಕಗಳ ದಾಖಲೆಯಾದ 2018ರ ಆರ್‌ಎಫ್‌ಸಿ 8325 ಇಎಫ್ ಅನ್ನು 6ಕ್ಕೇ ಹಾಕಿ ಎನ್ನುತ್ತದೆ. ಆಕ್ಸೆಸ್ ಪಾಯಿಂಟ್‌ನ ಮ್ಯಾಪಿಂಗ್ ಪಟ್ಟಿ ತೆರೆದು ನೋಡಿದರೆ ಒಂದು ನಿಮಿಷದ ಕೆಲಸ.

ಮೇಲಿನ ಕ್ಲಾಸಿನಲ್ಲಿ ಯಾರ್ಯಾರು ಕೂತಿದ್ದಾರೆ?

ಗುರುತು ಸರಿ, ಕ್ಯೂ ನಮ್ಮಲ್ಲೇ ಇದೆ, ಆದರೂ ಕರೆ ಕೆಡುತ್ತದೆ. ಆಗ ವಾಯ್ಸ್ ಕ್ಲಾಸಿನ ವೇಗ ನೋಡಿ, ನಡೆಯುತ್ತಿರುವ ಕರೆಗಳನ್ನು ಎಣಿಸಿ, ಎರಡನ್ನೂ ತಾಳೆ ಹಾಕಿ. ಲೆಕ್ಕ ಕಷ್ಟದ್ದಲ್ಲ. ಮಾತನ್ನು ಡಿಜಿಟಲ್ ಮಾಡುವ ಜಿ.711 ಕೋಡೆಕ್ ಸಾಮಾನ್ಯವಾಗಿ ಸೆಕೆಂಡಿಗೆ 50 ಪ್ಯಾಕೆಟ್ ಕಳಿಸುತ್ತದೆ, ಒಂದೊಂದರಲ್ಲಿ 160 ಬೈಟ್ ಮಾತು. ಅದರ ಮೇಲೆ ಐಪಿ, ಯುಡಿಪಿ, ಆರ್‌ಟಿಪಿ ಹೆಡರ್‌ಗಳು ಸೇರಿ 40 ಬೈಟ್. ಅಲ್ಲಿಗೆ 80 ಕೆಬಿಪಿಎಸ್. ಈಥರ್‌ನೆಟ್‌ನ 18 ಬೈಟ್ ಸೇರಿಸಿದರೆ 87.2. 64 ಕೆಬಿಪಿಎಸ್ ಕೋಡೆಕ್ ಎಂದು 64ರಿಂದ ಗುಣಿಸಿದವರು ಸುಮಾರು ನಾಲ್ಕರಲ್ಲಿ ಒಂದು ಪಾಲು ಕಡಿಮೆ ಜಾಗ ಇಟ್ಟಿರುತ್ತಾರೆ.

ಐದು ಕರೆ ನಡೆಯುತ್ತಿದ್ದರೆ ಕ್ಲಾಸಿನಲ್ಲಿ ಹೆಚ್ಚೆಂದರೆ 440 ಕೆಬಿಪಿಎಸ್ ಇರಬೇಕು. 3 ಎಂಬಿಪಿಎಸ್ ಇದ್ದರೆ ಬೇರೆ ಯಾರೋ ಒಳಗೆ ನುಗ್ಗಿದ್ದಾರೆ. ನಾನು ಹಿಡಿದವರ ಪೈಕಿ ಒಂದು ಬ್ಯಾಕಪ್ ಸಾಫ್ಟ್‌ವೇರ್ ಇತ್ತು. ಬೇಗ ಮುಗಿಯಲಿ ಎಂದು ಯಾರೋ ಅದಕ್ಕೂ 46 ಹಚ್ಚಿದ್ದರು. ಮತ್ತೊಂದು ಕಡೆ ಪೋರ್ಟ್ ಸಂಖ್ಯೆಯ ಪಟ್ಟಿ ತೀರಾ ಅಗಲವಾಗಿತ್ತು: 16384ರಿಂದ ಮೇಲಿನ ಯುಡಿಪಿ ಎಲ್ಲ ವಾಯ್ಸ್. ವಿಡಿಯೊ ಕೂಡ ಅದೇ ಬಾಗಿಲಲ್ಲಿ ಬಂತು. ವಿಡಿಯೊದ ಒಂದು ಫ್ರೇಮ್ ಹತ್ತಾರು ದೊಡ್ಡ ಪ್ಯಾಕೆಟ್‌ಗಳ ಗುಂಪಾಗಿ ಬರುತ್ತದೆ. ಅದರ ಹಿಂದೆ ಸಿಕ್ಕಿಕೊಂಡ ಮಾತಿನ ಪ್ಯಾಕೆಟ್‌ಗೆ ಆದ್ಯತೆ ಇದ್ದೂ ಇಲ್ಲದಂತೆ. ವಿಡಿಯೊಗೆ ಪ್ರತ್ಯೇಕ ಕ್ಲಾಸ್, ಅದಕ್ಕೊಂದು ಖಾತರಿ ಪಾಲು ಕೊಡಿ. ಮೇಲಿನ ಸಾಲಿಗೆ ಮಾತ್ರ ಬಿಡಬೇಡಿ.

ಈ ವಿಷಯದಲ್ಲಿ ನಾನು ಸ್ವಲ್ಪ ಹಠಮಾರಿ. ಮೇಲಿನ ಕ್ಲಾಸ್‌ಗೆ ಒಂದು ಅಪ್ಲಿಕೇಶನ್ ಸೇರಿಸಿ ಎಂದು ಯಾರು ಕೇಳಿದರೂ, ‘ಹಾಗಾದ್ರೆ ಯಾರನ್ನ ಕೆಳಗೆ ಇಳಿಸೋಣ?’ ಎಂದು ಕೇಳುತ್ತೇನೆ.

ಹನ್ನೆರಡನೇ ಕರೆ

ಈಗ ಎಲ್ಲಕ್ಕಿಂತ ಮೋಜಿನ ದೋಷ. ಎಲ್ಲವೂ ಸರಿ ಇದೆ. ಆದರೂ ದಿನಕ್ಕೆರಡು ಸಲ ಎಲ್ಲ ಕರೆಗಳೂ ಒಟ್ಟಿಗೆ ಕೆಡುತ್ತವೆ. ಹತ್ತು ನಿಮಿಷದಲ್ಲಿ ತಾವೇ ಸರಿಯಾಗುತ್ತವೆ.

ವಾಯ್ಸ್ ಕ್ಲಾಸಿನ ಮಿತಿ 1 ಎಂಬಿಪಿಎಸ್ ಅಂದುಕೊಳ್ಳಿ. 87.2ರಂತೆ ಹನ್ನೊಂದು ಕರೆಗೆ 959.2 ಕೆಬಿಪಿಎಸ್, ಜಾಗ ಇದೆ. ಹನ್ನೆರಡನೆಯವರು ಫೋನ್ ಎತ್ತಿದರೆ 1046.4. ಮಿತಿಯ ಮೇಲೆ 46.4 ಕೆಬಿಪಿಎಸ್ ಉಳಿಯಿತು. ಲಿಂಕ್ ತುಂಬಿದ ಹೊತ್ತಿನಲ್ಲಿ ಅದು ಬೀಳಲೇಬೇಕು. ಯಾರದ್ದು ಬೀಳುತ್ತದೆ? ತಡವಾಗಿ ಬಂದ ಹನ್ನೆರಡನೆಯವರದ್ದು ಎಂದು ನೀವು ಅಂದುಕೊಂಡಿರಬಹುದು. ಕ್ಯೂಗೆ ಕರೆ ಅಂದರೇನು ಎಂದೇ ಗೊತ್ತಿಲ್ಲ, ಅದಕ್ಕೆ ಕಾಣುವುದು ಪ್ಯಾಕೆಟ್ ಮಾತ್ರ. ಹಾಗಾಗಿ ಹನ್ನೆರಡೂ ಕರೆಗಳಿಂದ ನೂರಕ್ಕೆ ನಾಲ್ಕಕ್ಕಿಂತ ಸ್ವಲ್ಪ ಜಾಸ್ತಿ ಪ್ಯಾಕೆಟ್ ಹೋಗುತ್ತದೆ. ಒಬ್ಬರು ಬಂದು ಹನ್ನೊಂದು ಜನರ ಮಾತು ಕೆಡಿಸಿದರು.

ಪತ್ತೆ ಹಚ್ಚುವುದು ಹೀಗೆ: ವಾಯ್ಸ್ ಕ್ಲಾಸಿನ ಡ್ರಾಪ್ ಏರಿದ ಸಮಯ, ಫೋನ್ ಸರ್ವರ್‌ನ ಕರೆ ದಾಖಲೆ, ಎರಡನ್ನೂ ಅಕ್ಕಪಕ್ಕ ಇಡಿ. ಆ ಹೊತ್ತಿನಲ್ಲಿ ಏಕಕಾಲಕ್ಕೆ ನಡೆಯುತ್ತಿದ್ದ ಕರೆ ಎಷ್ಟು? ಪ್ರತಿ ಸಲವೂ ಅದೇ ಸಂಖ್ಯೆ ಸಿಕ್ಕರೆ ದೋಷ ಕೈಗೆ ಬಂದಂತೆ. ಸಾಧನ ತನ್ನ ಮಿತಿಯನ್ನು ಯಾವ ಹೆಡರ್ ಸೇರಿಸಿ ಲೆಕ್ಕ ಹಾಕುತ್ತದೆ ಎನ್ನುವುದೂ ಬೇರೆ ಬೇರೆ, ಹಾಗಾಗಿ ಸಂಖ್ಯೆ ಒಂದು ಆಚೀಚೆ ಆಗಬಹುದು.

ಮಿತಿ ಏರಿಸುವುದು ಒಂದು ದಾರಿ. ಆದರೆ ಏರಿಸಿದ ಮಿತಿಗೂ ಒಂದು ‘ಮುಂದಿನ ಕರೆ’ ಇದ್ದೇ ಇರುತ್ತದೆ. ನಿಜವಾದ ಮದ್ದು ಬಾಗಿಲಲ್ಲೇ ಎಣಿಸುವುದು. ಫೋನ್ ಸರ್ವರ್‌ನಲ್ಲಿ ಈ ಲಿಂಕ್ ಮೇಲೆ ಹನ್ನೊಂದೇ ಕರೆ ಎಂದು ಬರೆದುಬಿಡಿ. ಮೊಬೈಲ್ ನೆಟ್‌ವರ್ಕ್‌ಗಳೂ ಇದೇ ನಂಬಿಕೆ ಮೇಲೆ ನಡೆಯುತ್ತವೆ. 4ಜಿಯಲ್ಲಿ ಮಾತಿಗೆ ಖಾತರಿ ವೇಗದ ಬೇರರ್ (ಕರೆಯ ಪ್ಯಾಕೆಟ್‌ಗಳಿಗೆ ಮೀಸಲಾದ ದಾರಿ) ಬೇಕು ಎಂದಾಗ ಬೇಸ್ ಸ್ಟೇಷನ್ ಮೊದಲು ಜಾಗ ಇದೆಯೇ ನೋಡುತ್ತದೆ. ಯಾರನ್ನು ಒಳಗೆ ಬಿಡಬೇಕು, ಜಾಗವಿಲ್ಲದಾಗ ಯಾರನ್ನು ಹೊರಗೆ ಹಾಕಬಹುದು ಎನ್ನುವುದಕ್ಕೆ ಪ್ರತ್ಯೇಕ ದರ್ಜೆ ಇದೆ, 1ರಿಂದ 15ರವರೆಗೆ, 1 ಎಲ್ಲಕ್ಕಿಂತ ಮೇಲು. ಒಳಗೆ ಬಂದ ಮೇಲೆ ಪ್ಯಾಕೆಟ್‌ಗಳಿಗೆ ಸಿಗುವ ಆದ್ಯತೆಯೇ ಬೇರೆ, ಒಳಗೆ ಬರುವ ಆದ್ಯತೆಯೇ ಬೇರೆ. ಇವೆರಡನ್ನು ಒಂದೇ ಎಂದುಕೊಂಡಲ್ಲೇ ಅರ್ಧ ಗೊಂದಲ ಹುಟ್ಟುತ್ತದೆ.

ಕೆಳಗಿನವರು ಉಸಿರುಗಟ್ಟಿದಾಗ

ಕರೆ ಚೆನ್ನಾಗಿದೆ, ಉಳಿದದ್ದು ಸತ್ತಿದೆ ಎಂಬ ದೂರಿಗೆ ಕಾರಣ ಸಾಮಾನ್ಯವಾಗಿ ಮಿತಿಯಿಲ್ಲದ ಕಟ್ಟುನಿಟ್ಟಿನ ಆದ್ಯತೆ. ಮೇಲಿನ ಕ್ಯೂ ಖಾಲಿಯಾಗುವವರೆಗೆ ಕೆಳಗಿನದರ ಸರದಿ ಬರುವುದೇ ಇಲ್ಲ. ಮೇಲಿನವರು ಲಿಂಕ್ ತುಂಬುವಷ್ಟು ಕಳಿಸಿದರೆ ಕೆಳಗಿನವರ ಪಾಲು ಸೊನ್ನೆ. ಮೇಲಿನ ಕ್ಲಾಸ್‌ಗೆ ಮಿತಿ ಹಾಕಿ, ಕೆಳಗಿನ ಎಲ್ಲರಿಗೂ ಒಂದು ಕನಿಷ್ಠ ಪಾಲು ಇಡಿ. ರೂಟಿಂಗ್ ಪ್ರೋಟೋಕಾಲ್‌ನ ಪ್ಯಾಕೆಟ್‌ಗಳು ಎಲ್ಲಿ ಬೀಳುತ್ತಿವೆ ನೋಡಿ. ಅವಕ್ಕೆ ವಾಡಿಕೆಯ ಗುರುತು 48. ಅವು ಸಾಮಾನ್ಯ ಕ್ಲಾಸಿನಲ್ಲಿ ಹಸಿದು ಸತ್ತರೆ ನೆರೆಯ ರೂಟರ್‌ಗಳ ಸಂಬಂಧವೇ ಕಡಿಯುತ್ತದೆ, ಆಗ ವಾಯ್ಸ್ ಕೂಡ ಬೀದಿಗೆ.

ಒಂದೇ ಕ್ಲಾಸಿನೊಳಗೆ ಟಿಸಿಪಿ, ಯುಡಿಪಿ ಎರಡನ್ನೂ ಹಾಕಿದ್ದರೂ ಹೀಗೇ ಆಗುತ್ತದೆ. ಡ್ರಾಪ್ ಕಂಡ ಕೂಡಲೇ ಟಿಸಿಪಿ ಹಿಂದೆ ಸರಿಯುತ್ತದೆ, ದಟ್ಟಣೆಗೆ ಬಗ್ಗದ ಯುಡಿಪಿ ಆ ಜಾಗವನ್ನೂ ತಿನ್ನುತ್ತದೆ. ಬೇರೆ ಮಾಡಿ. ಸಾಮಾನ್ಯ ಕ್ಲಾಸಿನೊಳಗೆ ಎಫ್‌ಕ್ಯೂ ಕೋಡೆಲ್ ಎಂಬ ಕ್ಯೂ ವಿಧಾನ ಹಾಕಿದರೆ ಒಂದೊಂದು ಸಂಪರ್ಕಕ್ಕೂ ನ್ಯಾಯದ ಸರದಿ ಸಿಗುತ್ತದೆ, ಕ್ಯೂ ಉದ್ದವೂ ಹಿಡಿತದಲ್ಲಿರುತ್ತದೆ. ನಿಜ ಹೇಳಬೇಕೆಂದರೆ ಚಿಕ್ಕ ಲಿಂಕ್‌ಗಳಲ್ಲಿ ಎಂಟು ಕ್ಲಾಸ್ ಕಟ್ಟುವುದಕ್ಕಿಂತ ಒಂದು ಸರಿಯಾದ ಶೇಪರ್ ಮತ್ತು ಎಫ್‌ಕ್ಯೂ ಕೋಡೆಲ್ ಹಾಕುವುದೇ ಮೇಲು ಎಂದು ನನ್ನ ಅನುಭವ.

ಎಲ್ಲ ಸರಿ ಇದ್ದೂ ಸರಿಯಾಗದಿದ್ದರೆ

ಶೇಪರ್ ಹಾಕಿದ್ದೀರಿ, ಅದರ ಕೌಂಟರ್ ಮಾತ್ರ ಏರುತ್ತಲೇ ಇಲ್ಲ. ಹಾರ್ಡ್‌ವೇರ್ ಆಫ್‌ಲೋಡ್ ಆನ್ ಇದೆಯೇ ನೋಡಿ. ಸಣ್ಣ ರೂಟರ್‌ಗಳಲ್ಲಿ ಅದು ಪ್ಯಾಕೆಟ್‌ಗಳನ್ನು ಕ್ಯೂ ಕಡೆ ಕಳಿಸದೆ ಅಡ್ಡದಾರಿಯಲ್ಲಿ ಹೊರಗೆ ಹಾಕುತ್ತದೆ. ಲಿನಕ್ಸ್ ಯಂತ್ರದಲ್ಲಿ ಇನ್ನೊಂದು ಕಾಟ: ಹಲವು ಪ್ಯಾಕೆಟ್ ಒಟ್ಟುಗೂಡಿಸಿ 64 ಕಿಲೋಬೈಟ್‌ನ ಒಂದೇ ಮೂಟೆ ಮಾಡುವ ಜಿಎಸ್‌ಒ. 10 ಎಂಬಿಪಿಎಸ್ ಲಿಂಕ್ ಮೇಲೆ ಆ ಒಂದು ಮೂಟೆ ಹೊರಗೆ ಹೋಗಲು 52 ಮಿಲಿಸೆಕೆಂಡ್. ಅಷ್ಟು ಹೊತ್ತು ವಾಯ್ಸ್ ಕಾಯಲೇಬೇಕು. ಕೇಕ್ ಎಂಬ ಕ್ಯೂ ಇಂಥ ಮೂಟೆಗಳನ್ನು ತಾನೇ ಬಿಡಿಸುತ್ತದೆ. ಬೇರೆ ಕ್ಯೂ ಆದರೆ ಆ ಪೋರ್ಟ್‌ನಲ್ಲಿ ಜಿಎಸ್‌ಒ ಮತ್ತು ಅದರ ಜೊತೆಗಾರ ಆಫ್‌ಲೋಡ್‌ಗಳನ್ನು ಆಫ್ ಮಾಡಿ ನೋಡಿ.

ಐಪಿಸೆಕ್ ಸುರಂಗ (ಪ್ಯಾಕೆಟ್‌ಗಳನ್ನು ಎನ್‌ಕ್ರಿಪ್ಟ್ ಮಾಡಿ ಸಾಗಿಸುವ ದಾರಿ) ಇದ್ದರೆ ಇನ್ನೊಂದು ವಿಚಿತ್ರ ನೋಡಲು ಸಿಗುತ್ತದೆ. ವಾಯ್ಸ್ ಚೆನ್ನಾಗಿರುತ್ತದೆ, ಫೈಲ್ ಕಾಪಿ ಮಾತ್ರ ಕಾರಣವಿಲ್ಲದೆ ಕುಂಟುತ್ತದೆ. ಗುಟ್ಟು ಇಷ್ಟೇ: ಪ್ಯಾಕೆಟ್‌ಗಳಿಗೆ ಕ್ರಮಸಂಖ್ಯೆ ಹಾಕುವುದು ಎನ್‌ಕ್ರಿಪ್ಟ್ ಮಾಡುವಾಗ, ಆದ್ಯತೆಯಂತೆ ಹಿಂದೆಮುಂದೆ ಮಾಡುವುದು ಅದಾದ ಮೇಲೆ. ಹಿಂದೆ ಉಳಿದ ಪ್ಯಾಕೆಟ್ ಆಚೆ ತುದಿ ಮುಟ್ಟುವಾಗ ಅದರ ಸಂಖ್ಯೆ ಹಳತಾಗಿರುತ್ತದೆ. ಹಳೆಯ ಪ್ಯಾಕೆಟ್ ಮತ್ತೆ ಕಳಿಸಿ ಮೋಸ ಮಾಡುವ ಮರುದಾಳಿಯನ್ನು ತಡೆಯುವ ಕಿಟಕಿ ಹಲವು ಸಾಧನಗಳಲ್ಲಿ 64 ಪ್ಯಾಕೆಟ್‌ನಷ್ಟೇ ಅಗಲ. ಅದರ ಹೊರಗೆ ಬಿದ್ದದ್ದನ್ನು ಕಳ್ಳ ಪ್ಯಾಕೆಟ್ ಎಂದು ಎಸೆದುಬಿಡುತ್ತದೆ. ಆಚೆ ತುದಿಯಲ್ಲಿ ರಿಪ್ಲೇ ಡ್ರಾಪ್ ಕೌಂಟರ್ ನೋಡಿ, ಏರುತ್ತಿದ್ದರೆ ಕಿಟಕಿ ದೊಡ್ಡದು ಮಾಡಿ.

ಲಿಂಕ್ ತೀರಾ ನಿಧಾನವಾದರೆ ಆದ್ಯತೆಯ ಕೈಯೂ ಕಟ್ಟಿದಂತೆ. 1 ಎಂಬಿಪಿಎಸ್ ಮೇಲೆ 1500 ಬೈಟ್‌ನ ಒಂದು ಪ್ಯಾಕೆಟ್ ಹೊರಗೆ ಹೋಗಲು 12 ಮಿಲಿಸೆಕೆಂಡ್ ಬೇಕು. ಹೊರಟ ಪ್ಯಾಕೆಟ್ ಅನ್ನು ಸಾಮಾನ್ಯವಾಗಿ ಮಧ್ಯದಲ್ಲಿ ನಿಲ್ಲಿಸಲು ಬರುವುದಿಲ್ಲ.

ಬದಲಿಸಿ ನೋಡುವಾಗ

ಒಂದು ಸಲಕ್ಕೆ ಒಂದೇ ಬದಲಾವಣೆ, ಅದಕ್ಕೆ ಮೊದಲು ಕೌಂಟರ್ ಸೊನ್ನೆ ಮಾಡಿಕೊಳ್ಳಿ. ಪರೀಕ್ಷೆಯನ್ನು ಖಾಲಿ ಲಿಂಕ್ ಮೇಲೆ ಮಾಡಬೇಡಿ. ಖಾಲಿ ಲಿಂಕ್ ಮೇಲೆ ಎಲ್ಲ ಕಾನ್ಫಿಗರೇಶನ್‌ಗಳೂ ಚೆನ್ನಾಗಿಯೇ ಕಾಣುತ್ತವೆ. ಗುರುತಿಲ್ಲದ ಟ್ರಾಫಿಕ್‌ನಿಂದ ಲಿಂಕ್ ಪೂರ್ತಿ ತುಂಬಿ, ಅದರ ಜೊತೆ 184 ಹಾಕಿದ ಒಂದು ಪಿಂಗ್, 0 ಹಾಕಿದ ಇನ್ನೊಂದು ಪಿಂಗ್ ಒಟ್ಟಿಗೆ ಓಡಿಸಿ. ಮೊದಲನೆಯದು ಖಾಲಿ ಹೊತ್ತಿನ ಅಂಕಿಯ ಹತ್ತಿರವೇ ಇರಬೇಕು, ಎರಡನೆಯದು ಏರಬೇಕು. ಎರಡೂ ಒಟ್ಟಿಗೆ ಏರಿದರೆ ಕ್ಯೂ ಇನ್ನೂ ಬೇರೆಯವರ ಪೆಟ್ಟಿಗೆಯಲ್ಲಿದೆ, ಇಲ್ಲವೇ ಗುರುತು ಅಳಿಸಿದೆ. ಎರಡೂ ಏರದೆ, ಪ್ಯಾಕೆಟ್ ಕೂಡ ಬೀಳದಿದ್ದರೆ ನೀವು ಲಿಂಕ್ ತುಂಬಿಯೇ ಇಲ್ಲ.

ಆ ಎರಡು ಕಟ್ಟಡಗಳ ಲಿಂಕ್ ಮೇಲೆ ಆಮೇಲೆ ಕರೆಗಳಿಗೂ ಮಿತಿ ಹಾಕಿದೆವು. ಒಂದು ವಾರ ಕಳೆದ ಮೇಲೆ ಹೊಸ ದೂರು ಬಂತು: ‘ಮಾತೆಲ್ಲ ಕ್ಲಿಯರ್ ಇದೆ, ಆದ್ರೆ ಒಂದೊಂದ್ಸಲ ಡಯಲ್ ಮಾಡಿದ್ರೆ ಬಿಜಿ ಟೋನ್ ಬರುತ್ತೆ.’ ದೂರು ಮುಚ್ಚುವಾಗ ಷರಾದಲ್ಲಿ ‘ಸರಿಯಾಗಿ ಕೆಲಸ ಮಾಡುತ್ತಿದೆ’ ಎಂದು ಬರೆದೆ. ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ‘ಹನ್ನೆರಡನೇ ಕರೆ ಬೇಕಿದ್ದರೆ ಕಡಿಮೆ ಜಾಗ ಸಾಕಾಗುವ ಜಿ.729 ಕೋಡೆಕ್‌ಗೆ ಹೋಗಬೇಕು, ಇಲ್ಲವೇ ವಿಡಿಯೊ ಪಾಲಿನಿಂದ ಕಡಿಯಬೇಕು. ಯಾವುದು ಎಂದು ತಿಳಿಸಿ.’